ಅರ್ಧ ಕಪ್ ಚಹಾ

ಧಾರವಾಡದಲ್ಲಿ ಯಾರೂ ಯಾರನ್ನೂ ಒಂದು ಕಪ್ ಚಹಾಕ್ಕೆ ಕರೆಯುವುದಿಲ್ಲ. ಕರೆಯುವುದು ಅರ್ಧ ಕಪ್ಪಿಗೆ. “ಬರ್ರಿ ಅಕ್ಕಾರ, ಅರ್ಧಾ ಕಪ್ ಚಾ ಕುಡದು ಹೋಗೀರಂತ” ಎಂದು ಕಟ್ಟೆಯ ಮೇಲೆ ನಿಂತವರು ಕೂಗುತ್ತಾರೆ. ಓಣಿಯಲ್ಲಿ ಹೊರಟವರು “ಈಗರೆ ಆತ್ರಿ” ಎನ್ನುತ್ತಾರೆ. “ಆದ್ರೇನಾತು, ಅರ್ಧಾ ಕಪ್ ಎಲ್ಲೆ ಹೆಚ್ಚಾಗ್ತದ?” ಎಂದು ಎರಡನೆಯ ಸಲ ಕರೆದ ಮೇಲೆ ಬೇರೆ ಮಾತಿಲ್ಲ, ಚಪ್ಪಲಿ ಬಿಟ್ಟು ಒಳಗೆ ಬರುವುದೇ. ಪೂರ್ತಿ ಕಪ್ಪಿಗೆ ಕರೆದಿದ್ದರೆ ಬಂದವರಿಗೆ ಸಂಕೋಚ, ಕರೆದವರಿಗೆ ಹಾಲು ಸಾಲುತ್ತದೋ ಇಲ್ಲವೋ ಎಂಬ ಲೆಕ್ಕ. ಅರ್ಧ ಕಪ್ ಎಂದಾಗ ಇಬ್ಬರಿಗೂ ಹಗುರ.

ನಾನು ಈ ಊರಿನಲ್ಲೇ ಬೆಳೆದವಳು, ಇಲ್ಲಿಯ ಶಾಲೆಗಳಲ್ಲೇ ಕಲಿಸಿ ನಿವೃತ್ತಳಾದವಳು. ಆದರೆ ಅರ್ಧ ಕಪ್ಪನ್ನು ನಾನು ಮೆಚ್ಚುವುದು ಊರಿನ ಅಭಿಮಾನಕ್ಕಾಗಿ ಅಲ್ಲ. ಚಹಾಕ್ಕೆ ಇದೇ ಸರಿಯಾದ ಅಳತೆ ಎಂದು ನಂಬಿದ್ದೇನೆ. ಹಾಲು ಹಾಕಿದ ಚಹಾ ಒಲೆಯಿಂದ ಇಳಿದ ಮೇಲೆ ಬಹಳ ಹೊತ್ತು ಬಾಳುವುದಿಲ್ಲ. ದೊಡ್ಡ ಮಗ್ಗಿನಲ್ಲಿ ಸುರಿದುಕೊಂಡರೆ ಅರ್ಧಕ್ಕೆ ಬರುವಷ್ಟರಲ್ಲಿ ಮೇಲೆ ಕೆನೆ ಕಟ್ಟುತ್ತದೆ, ಹಸಿಶುಂಠಿಯ ಖಾರ ಒಂದು ಕಡೆ, ಸಕ್ಕರೆಯ ಸಿಹಿ ಇನ್ನೊಂದು ಕಡೆ ಆಗುತ್ತವೆ. ಅರ್ಧ ಕಪ್ಪಿನಲ್ಲಿ ಕೊನೆಯ ಗುಟುಕೂ ಮೊದಲ ಗುಟುಕಿನಷ್ಟೇ ಬಿಸಿ. ಅದೂ ಅಲ್ಲದೆ, ಅರ್ಧ ಕಪ್ ಕುಡಿದವರು ಇನ್ನೊಂದು ಮನೆಗೆ ಹೋಗಬಹುದು. ವಿಜಯದಶಮಿಯ ಸಂಜೆ ಬನ್ನಿ ಕೊಡಲು ಮನೆಮನೆಗೆ ತಿರುಗುವಾಗ ಹಿರಿಯರ ಕಾಲು ಮುಟ್ಟಿ, ಬನ್ನಿ ಕೊಟ್ಟು, ಬಂಗಾರದಂಗ ಇರೋಣ ಎಂದು ಹೇಳಿ, ಪ್ರತಿ ಮನೆಯಲ್ಲೂ ಚಹಾ ಕುಡಿದೇ ಏಳಬೇಕು. ಅಳತೆ ಚಿಕ್ಕದಿರುವುದರಿಂದಲೇ ಯಾರ ಮನೆಯನ್ನೂ ಬಿಡದೆ ಹೋಗಿಬರಲು ಆಗುತ್ತದೆ.

ಹೋಟೆಲಿನಲ್ಲಿ ಇದೇ ಅಳತೆ ಇನ್ನೊಂದು ರೂಪ ತಾಳುತ್ತದೆ. ಮೂರು ಮಂದಿ ಕೂತು “ಎರಡರಾಗ ಮೂರು ಮಾಡ್ರಿ” ಎನ್ನುತ್ತಾರೆ. ಎರಡು ಕಪ್ ಚಹಾ ಮೂರು ಕಪ್ಪಿನಲ್ಲಿ ಬರುತ್ತದೆ. ಬೆಂಗಳೂರಿನಲ್ಲಿ ಒಂದನ್ನು ಇಬ್ಬರು ಹಂಚಿಕೊಂಡರೆ ಅದು ‘ಬೈಟೂ’. ಹಣ ಉಳಿಸುವ ಉಪಾಯವೆಂದು ಇದನ್ನು ನೋಡುವವರು ಇದ್ದಾರೆ. ಹಣದ ಮಾತೂ ನಿಜವೇ. ಸಂಬಳದ ಹಿಂದಿನ ವಾರದಲ್ಲಿ ಶಾಲೆಯ ಸ್ಟಾಫ್ ರೂಮಿಗೆ ಬರುತ್ತಿದ್ದ ಕೆಟಲಿ ಚಿಕ್ಕದಾಗುತ್ತಿತ್ತು. ಆದರೆ ಇಂದು ಕೈತುಂಬ ಸಂಬಳ ಎಣಿಸುವವರೂ ಎರಡರಲ್ಲಿ ಮೂರು ಎಂದೇ ಹೇಳುತ್ತಾರೆ. ಒಬ್ಬರಿಗೆಂದು ಬಂದದ್ದನ್ನು ಹಂಚಿಕೊಳ್ಳುವಾಗ ಎದುರಿಗಿರುವವರು ಗೆಳೆಯರು ಎಂಬುದು ಬಾಯಿಬಿಟ್ಟು ಹೇಳದೆಯೇ ಗೊತ್ತಾಗುತ್ತದೆ.

ಚಹಾ ಮಾಡುವುದನ್ನು ನಾನು ಕಲಿತದ್ದು ನಮ್ಮ ಅವ್ವನಿಂದ. ಅವಳು ಹೇಳುತ್ತಿದ್ದ ಮೊದಲ ಮಾತು ನೀರಿನ ಬಗ್ಗೆ. ಹುಬ್ಬಳ್ಳಿ–ಧಾರವಾಡಕ್ಕೆ ಮಲಪ್ರಭೆಯ ನೀರು ಸವದತ್ತಿಯ ಜಲಾಶಯದಿಂದ ಬರುತ್ತದೆ. ನಳ ದಿನವೂ ಬರುತ್ತಿರಲಿಲ್ಲ; ಬಂದ ದಿನ ಕೊಡ, ಹಂಡೆ, ಬಕೆಟ್ಟು ಎಲ್ಲ ತುಂಬಿ ಮುಗಿದ ಮೇಲೆ ಅವ್ವ ಹೊಸ ನೀರಿನ ಚಹಾ ಇಡುತ್ತಿದ್ದಳು. ಅದರ ಬಣ್ಣವೇ ಬೇರೆ. ಕಪ್ಪಿನ ಅಂಚಿನಲ್ಲಿ ಕೆಂಪು ಎದ್ದು ಕಾಣುತ್ತಿತ್ತು. ಬೋರಿನ ನೀರಿನಲ್ಲಿ ಮಾಡಿದ ಚಹಾ ಮಂಕಾಗಿ, ಮೇಲೊಂದು ತೆಳುವಾದ ಪೊರೆ ಕಟ್ಟುತ್ತದೆ. ನೀರಿನಲ್ಲಿರುವ ಸುಣ್ಣದ ಅಂಶ ಚಹಾದ ಸತ್ವದೊಂದಿಗೆ ಕೂಡಿ ಆಗುವ ಪೊರೆ ಅದು. ಗದಗ, ರೋಣದ ಕಡೆಯ ಗಡಸು ನೀರಿನ ಊರುಗಳಲ್ಲಿ ಎಷ್ಟು ಒಳ್ಳೆಯ ಪುಡಿ ಹಾಕಿದರೂ ರುಚಿ ಏಳುವುದಿಲ್ಲವೆಂದು ಅಲ್ಲಿಯ ಹೆಂಗಸರು ಹೇಳುವುದರಲ್ಲಿ ಸುಳ್ಳಿಲ್ಲ. ದುಬಾರಿ ಪುಡಿ ತರುವ ಮೊದಲು ನೀರು ನೋಡಬೇಕು.

ಎರಡನೆಯದು ಅಲ್ಲ. ನಮ್ಮ ಕಡೆ ಹಸಿಶುಂಠಿಗೆ ಅಲ್ಲ ಎನ್ನುತ್ತಾರೆ. ಅದನ್ನು ಜಜ್ಜಿ ತಣ್ಣೀರಿಗೇ ಹಾಕಿ ಕುದಿಸಬೇಕು, ಹಾಲಿಗೆ ಹಾಕಬಾರದು. ಹಸಿ ಅಲ್ಲದಲ್ಲಿ ಹಾಲನ್ನು ಒಡೆಯುವ ಕಿಣ್ವವೊಂದಿದೆ. ಚೆನ್ನಾಗಿ ಕುದಿದರೆ ಅದು ಸಾಯುತ್ತದೆ. ಕಿಣ್ವದ ಹೆಸರು ಗೊತ್ತಿಲ್ಲದೆಯೇ ಅವ್ವ, “ಅಲ್ಲ ನೀರಾಗ ಕುದ್ದು ವಾಸನಿ ಬಂದಮ್ಯಾಲೆ ಪುಡಿ, ಪುಡಿ ಕುದ್ದಮ್ಯಾಲೆ ಹಾಲು” ಎಂದು ಕ್ರಮ ಕಟ್ಟಿಕೊಟ್ಟಿದ್ದಳು. ಹಾಲು ಕಾಯಿಸಿದ್ದೇ ಇರಬೇಕು. ಪುಡಿ ಹಾಕಿದ ಮೇಲೆ ಒಂದೆರಡು ನಿಮಿಷ ಸಾಕು, ಹಾಲು ಹಾಕಿದ ಮೇಲೆ ಎರಡು ಸಲ ಉಕ್ಕಿ ಬಂದರೆ ಇಳಿಸಬೇಕು. ಬಹಳ ಹೊತ್ತು ಕುದಿಸಿದರೆ ಕಡಕ್ ಆಗುತ್ತದೆಂದು ಎಷ್ಟೋ ಜನ ತಿಳಿದಿದ್ದಾರೆ. ಆಗುವುದು ಒಗರು. ಕಡಕ್ ಬೇಕಾದರೆ ಪುಡಿ ಅರ್ಧ ಚಮಚ ಹೆಚ್ಚು ಹಾಕಬೇಕು.

ಈಗ ಎಲ್ಲ ಕಡೆ ಬೆಲ್ಲದ ಚಹಾದ ಬೋರ್ಡುಗಳು ಕಾಣುತ್ತವೆ. ಮಹಾಲಿಂಗಪುರದ ಬೆಲ್ಲದ ಪೇಟೆ ಹತ್ತಿರವೇ ಇರುವ ನಮಗೆ ಅದು ಹೊಸದೇನಲ್ಲ. ಸಕ್ಕರೆ ತುಟ್ಟಿಯಾದಾಗ, ರೇಷನ್ ಮುಗಿದಾಗ ಬೆಲ್ಲದ ಚಹಾವೇ ಇತ್ತು. ಅದಕ್ಕೆ ಒಂದೇ ಎಚ್ಚರ. ಒಲೆ ಆರಿಸಿದ ಮೇಲೆ ಬೆಲ್ಲ ಹಾಕಿ ಕಲಕಬೇಕು, ಇಲ್ಲವಾದರೆ ಹಾಲು ಒಡೆಯುತ್ತದೆ. ನನ್ನ ಮೆಚ್ಚಿನ ಚಹಾಗಳಲ್ಲಿ ಇದಕ್ಕೆ ದೊಡ್ಡ ಸ್ಥಾನ. ಬೆಲ್ಲದ ಜೊತೆ ಯಾಲಕ್ಕಿ ಹಾಕುವುದು ನನಗೆ ಸರಿಬರುವುದಿಲ್ಲ. ಎರಡು ಕಾಳು ಮೆಣಸು ಹಾಕಿ ನೋಡಿ.

ಮಜ್ಜಿಗೆ ಹುಲ್ಲಿನ ಚಹಾವನ್ನೂ ಹೇಳಬೇಕು. ಹಿತ್ತಲಲ್ಲಿ ನೀರು ಹರಿಯುವ ಕಡೆ ಒಂದು ಬುಡ ನೆಟ್ಟರೆ ಸಾಕು, ಕೊಯ್ದಷ್ಟೂ ಬೆಳೆಯುತ್ತದೆ. ಆಷಾಢದ ಜಿಟಿಜಿಟಿ ಮಳೆಯಲ್ಲಿ, ಧಾರವಾಡದ ಕೆಂಪು ಮಣ್ಣಿನ ರಾಡಿ ತುಳಿದು ಬಂದವರಿಗೆ, ಎರಡು ಎಸಳು ಗಂಟು ಕಟ್ಟಿ ಕುದಿಸಿದ ಚಹಾದ ವಾಸನೆ ಬಾಗಿಲಿನಿಂದಲೇ ಸಿಗುತ್ತದೆ. ಜೊತೆಗೆ ಗಿರ್ಮಿಟ್ಟು, ಮಿರ್ಚಿ ಭಜಿ. ಧಾರವಾಡದ ಪೇಡೆಯನ್ನು ಮಾತ್ರ ಚಹಾದ ಜೊತೆ ಕೊಡಬೇಡಿ. ಸಿಹಿ ತಿಂದ ನಾಲಿಗೆಗೆ ಚಹಾ ಸಪ್ಪೆಯಾಗುತ್ತದೆ, ಪೇಡೆಗೂ ಮರ್ಯಾದೆ ಸಿಗುವುದಿಲ್ಲ. ಪೇಡೆ ತಿಂದು, ನೀರು ಕುಡಿದು, ಸ್ವಲ್ಪ ಹೊತ್ತು ಬಿಟ್ಟು ಚಹಾ.

ಇಷ್ಟು ನಮ್ಮದಾಗಿ ಹೋಗಿರುವ ಈ ಪಾನೀಯ ನಮ್ಮ ಅಜ್ಜಿಯರ ಅಜ್ಜಿಯರಿಗೆ ಗೊತ್ತಿರಲಿಲ್ಲ. ಅಸ್ಸಾಮಿನ ಸಿಂಗ್‌ಫೋ ಜನ ಮೊದಲಿನಿಂದಲೂ ಚಹಾ ಎಲೆ ಬಳಸುತ್ತಿದ್ದರು. ಇಂಗ್ಲಿಷರಿಗೆ ಅದು 1823ರ ಸುಮಾರಿಗೆ ತಿಳಿಯಿತು, 1839ರಲ್ಲಿ ಅಸ್ಸಾಂ ಕಂಪನಿ ಹುಟ್ಟಿತು. ಆದರೆ ಬೆಳೆದ ಚಹಾ ಹಡಗು ಹತ್ತಿ ಹೋಗುತ್ತಿತ್ತು. ಇಲ್ಲಿಯ ಜನ ಕುಡಿಯಲಿ ಎಂಬ ಯೋಚನೆ ಬಹಳ ತಡವಾಗಿ ಬಂತು. 1930ರ ದಶಕದಲ್ಲಿ ಹೊರದೇಶದ ವ್ಯಾಪಾರ ಬಿದ್ದಾಗ ಚಹಾ ಮಂಡಳಿಯವರು ಪೇಟೆಗಳಲ್ಲಿ, ರೈಲು ನಿಲ್ದಾಣಗಳಲ್ಲಿ ಜನರನ್ನು ಕೂಡಿಸಿ ಚಹಾ ಮಾಡಿ ತೋರಿಸಿದರು, ಪುಕ್ಕಟೆ ಹಂಚಿದರು. ಎಲೆಯನ್ನು ಬೇರೆ ಪಾತ್ರೆಯಲ್ಲಿ ನೆನೆಸಿ, ಆಮೇಲೆ ಚೂರು ಹಾಲು ಬೆರೆಸಿ ಎಂಬುದು ಅವರ ಪಾಠ. ನಮ್ಮ ಹೆಂಗಸರು, ನಮ್ಮ ಚಹಾದಂಗಡಿಯವರು ಕಷಾಯ ಕುದಿಸಿ ಗೊತ್ತಿದ್ದವರು. ಎಲ್ಲವನ್ನೂ ಒಂದೇ ಬೋಗುಣಿಗೆ ಹಾಕಿ, ಅಲ್ಲ ಜಜ್ಜಿ, ಹಾಲು ಹೆಚ್ಚು ಮಾಡಿ ಕುದಿಸಿದರು. ಪುಡಿ ಕಡಿಮೆ ಖರ್ಚಾಗುತ್ತದೆಂದು ವ್ಯಾಪಾರಿಗಳಿಗೆ ಇದು ಇಷ್ಟವಿರಲಿಲ್ಲವಂತೆ. ಇಂದು ಜಗತ್ತಿನ ಮೂಲೆಮೂಲೆಯಲ್ಲಿ ಜನ ಹಣ ಕೊಟ್ಟು ಕುಡಿಯುತ್ತಿರುವುದು ಹೆಸರಿಲ್ಲದ ಆ ಹೆಂಗಸರ, ಆ ಅಂಗಡಿಯವರ ಚಹಾವನ್ನೇ.

ಅದಕ್ಕೆ ಒದಗಿಬಂದದ್ದು ಸಿಟಿಸಿ ಯಂತ್ರ. ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡಿ ಸಣ್ಣ ಕಾಳು ಮಾಡುವ ಈ ಯಂತ್ರ 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಹುಟ್ಟಿತು. ಸ್ವಾತಂತ್ರ್ಯಾನಂತರ ಎಲ್ಲ ಕಡೆ ಹರಡಿತು. ಈ ಕಾಳು ಬೇಗ ಬಣ್ಣ ಬಿಡುತ್ತದೆ, ಹಾಲಿಗೆ ಸೋಲುವುದಿಲ್ಲ, ಕಿಲೋ ಪುಡಿಗೆ ಹೆಚ್ಚು ಕಪ್ ಬರುತ್ತದೆ. ಕೂಲಿಯವರ ಮನೆಗೂ ಚಹಾ ತಲುಪಿದ್ದು ಇದರಿಂದ. ಇಂದು ದೇಶದಲ್ಲಿ ಬೆಳೆಯುವ ಚಹಾದಲ್ಲಿ ಸುಮಾರು ನೂರಕ್ಕೆ 80 ಭಾಗವನ್ನು ನಾವೇ ಕುಡಿಯುತ್ತೇವೆ. ಪೇಟೆಯ ಟೀ ಡಿಪೋದಲ್ಲಿ ಡಬ್ಬಿಗಳಿಂದ ಎರಡು ಮೂರು ಬಗೆಯ ಪುಡಿ ತೆಗೆದು, ನಮ್ಮ ಮನೆಯ ರುಚಿ ನೆನಪಿಟ್ಟುಕೊಂಡು, ಬೆರೆಸಿ ಕಟ್ಟಿಕೊಡುವವರು ಇನ್ನೂ ಇದ್ದಾರೆ. ಪ್ಯಾಕೆಟ್ಟಿನ ಚಹಾಕ್ಕಿಂತ ಅವರ ಖುಲ್ಲಾ ಪುಡಿಯೇ ನನಗೆ ಇಷ್ಟ. ಬಣ್ಣಕ್ಕೆ ಡಸ್ಟ್, ರುಚಿಗೆ ದಪ್ಪ ಕಾಳು.

ಹಾಲಿಲ್ಲದ ಚಹಾ ನನ್ನ ಬದುಕಿಗೆ ಬಂದದ್ದು ಹಳೆಯ ವಿದ್ಯಾರ್ಥಿಯೊಬ್ಬನಿಂದ. ಸೈನ್ಯದಲ್ಲಿದ್ದು ಸಿಲಿಗುರಿಯ ಕಡೆ ಇದ್ದವನು ರಜೆಗೆ ಬಂದಾಗ ಡಾರ್ಜಿಲಿಂಗ್ ಚಹಾದ ಡಬ್ಬಿ ತಂದುಕೊಟ್ಟ. “ಕುದಸಬ್ಯಾಡ್ರಿ ಬಾಯಾರ, ಹಾಲು ಹಾಕಬ್ಯಾಡ್ರಿ. ಬಿಸಿನೀರಾಗ ಮೂರು ನಿಮಿಷ ಮುಚ್ಚಿಡ್ರಿ, ಅಷ್ಟ” ಎಂದು ಹೇಳಿಹೋದ. ಹಾಗೆಯೇ ಮಾಡಿದೆ. ತಿಳಿ ಬಂಗಾರದ ಬಣ್ಣ. ಮೊದಲ ಗುಟುಕಿಗೆ ಏನೂ ಸಿಗಲಿಲ್ಲವೆನಿಸಿ, ನುಂಗಿದ ಮೇಲೆ ಬಾಯಿತುಂಬ ಹೂವಿನ, ಹಣ್ಣಿನ ವಾಸನೆ ಉಳಿಯಿತು. ಚಳಿಗಾಲವಿಡೀ ಮಲಗಿದ್ದ ಗಿಡ ಮಾರ್ಚ್ ಏಪ್ರಿಲ್‌ನಲ್ಲಿ ಬಿಡುವ ಚಿಗುರಿನದು ಮೊದಲ ಕೊಯ್ಲು. ಅದರ ಚಹಾ ತೀರ ತೆಳು. ಮೇ ಜೂನ್‌ನ ಎರಡನೆಯ ಕೊಯ್ಲಿಗೆ ಒಣದ್ರಾಕ್ಷಿಯ ವಾಸನೆ ಇರುತ್ತದೆ. ಹಸಿರು ಜಿಗಿಹುಳುವೊಂದು ಎಲೆಯ ರಸ ಹೀರುತ್ತದೆ, ಕಚ್ಚಿಸಿಕೊಂಡ ಗಿಡ ತನ್ನ ರಕ್ಷಣೆಗೆ ಹೊರಡಿಸುವ ಸುಗಂಧಗಳೇ ಆ ವಾಸನೆಗೆ ಬಹುಮಟ್ಟಿಗೆ ಕಾರಣ ಎಂದು ಆಮೇಲೆ ಓದಿ ತಿಳಿದೆ. ಹುಳ ತಿಂದ ಎಲೆಗೇ ಬೆಲೆ ಹೆಚ್ಚು ಎಂಬ ಈ ಸಂಗತಿಯನ್ನು ಏಳನೆಯ ತರಗತಿಯ ಮಕ್ಕಳಿಗೆ ಹೇಳಿದಾಗ ಅವರ ಕಣ್ಣು ಅರಳಿದ್ದನ್ನು ಮರೆಯಲಾರೆ. 2004ರಲ್ಲಿ ನಮ್ಮ ದೇಶದಲ್ಲಿ ಮೊತ್ತಮೊದಲ ಭೌಗೋಳಿಕ ಗುರುತು ಸಿಕ್ಕಿದ್ದು ಈ ಡಾರ್ಜಿಲಿಂಗ್ ಚಹಾಕ್ಕೇ.

ಹಸಿರು ಚಹಾ, ಕಪ್ಪು ಚಹಾ, ನಡುವಿನ ಊಲಾಂಗ್ ಎಲ್ಲ ಒಂದೇ ಗಿಡದ ಎಲೆ. ಕೊಯ್ದ ಮೇಲೆ ಎಷ್ಟು ಹೊತ್ತು ಗಾಳಿಗೆ ಬಿಡುತ್ತಾರೆ ಎಂಬುದರ ಮೇಲೆ ಬೇರೆಬೇರೆ ಆಗುತ್ತವೆ. ಹಸಿರು ಚಹಾ ಕಹಿ ಎಂದು ದೂರುವವರು ಬಹುತೇಕ ಕುದಿಯುವ ನೀರನ್ನೇ ಸುರಿದಿರುತ್ತಾರೆ. ನೀರು ಕುದಿದು ಸ್ವಲ್ಪ ಆರಿದ ಮೇಲೆ, 80 ಡಿಗ್ರಿಯ ಆಸುಪಾಸಿನಲ್ಲಿ, ಎರಡು ನಿಮಿಷ ಇಟ್ಟರೆ ಸಾಕು.

ನಮ್ಮ ರಾಜ್ಯದಲ್ಲೂ ಚಹಾ ಬೆಳೆಯುತ್ತದೆಂದು ಎಷ್ಟೋ ಜನರಿಗೆ ಗೊತ್ತಿಲ್ಲ. ಕಾಫಿಯ ನಾಡಾದ ಚಿಕ್ಕಮಗಳೂರು ಜಿಲ್ಲೆಯಲ್ಲೇ ಕೆಳಗೂರಿನ ಚಹಾ ತೋಟವಿದೆ, ಕೊಡಗಿನಲ್ಲೂ ಇದೆ. ಕೆಳಗೂರಿನ ಪುಡಿಯನ್ನು ನಾನು ಹಾಲು ಹಾಕಿಯೂ ಹಾಕದೆಯೂ ಕುಡಿದಿದ್ದೇನೆ. ಹಾಲು ಕಡಿಮೆ ಇದ್ದಾಗಲೇ ಚೆನ್ನ. ನೀಲಗಿರಿಯ ಚಹಾ ಮನಸ್ಸಿಗೆ ಇನ್ನೂ ಹತ್ತಿರದ್ದು. ಅಲ್ಲಿಯ ಸಣ್ಣ ಬೆಳೆಗಾರರಲ್ಲಿ ಬಡಗರು ಬಹಳ. ಶಾಲೆಯ ಪ್ರವಾಸದಲ್ಲಿ ಉದಕಮಂಡಲದ ಹಾದಿಯಲ್ಲಿ ಒಬ್ಬ ಬಡಗ ಅಜ್ಜಿಯ ಜೊತೆ ನಮ್ಮ ಮಕ್ಕಳು ಕನ್ನಡದಲ್ಲೇ ಮಾತಾಡಿ ಅರ್ಥ ಮಾಡಿಕೊಂಡರು. ಅವಳು ಹಸಿರೆಲೆ ತೂಗಿಸಿ ಫ್ಯಾಕ್ಟರಿಗೆ ಕೊಡುವವಳು. ಎಲೆಯ ಬೆಲೆ ಕೂಲಿಗೂ ಸಾಲದೆಂದು ಆ ಬೆಳೆಗಾರರು ವರ್ಷಗಟ್ಟಲೆ ಹೋರಾಡುತ್ತ ಬಂದಿದ್ದಾರೆ. ಜೋಳ, ಈರುಳ್ಳಿ ಬೆಳೆಯುವ ನಮ್ಮ ರೈತರಿಗೂ ಅವರಿಗೂ ಕಷ್ಟ ಒಂದೇ. ಚಹಾದ ಬೆಲೆ ಒಂದು ರೂಪಾಯಿ ಏರಿತೆಂದು ಗೊಣಗುವ ಮೊದಲು ಆ ಎಲೆ ಕೊಯ್ದ ಕೈಗೆ ಅದರಲ್ಲಿ ಎಷ್ಟು ಸಿಕ್ಕೀತೆಂದು ಯೋಚಿಸುವುದು ನ್ಯಾಯ.

ಕರಾವಳಿಯಲ್ಲಿ ಬೀಗರ ಮನೆಯಿದೆ. ಅಲ್ಲಿ ಬೆಳಿಗ್ಗೆ “ಚಾ ಆಯ್ತಾ?” ಎಂದರೆ ತಿಂಡಿಯೂ ಸೇರಿದಂತೆ ಕೇಳಿದ ಹಾಗೆ. ಹಾಲಿಲ್ಲದ ಹೊತ್ತಿನಲ್ಲಿ ಕಣ್ಣ ಚಾ ಮಾಡಿ, ಬೆಲ್ಲದ ತುಂಡು ಕೈಗೆ ಕೊಡುತ್ತಾರೆ. ಬೆಲ್ಲ ಕಚ್ಚುವುದು, ಚಹಾ ಗುಟುಕರಿಸುವುದು. ಸೆಖೆಯಲ್ಲಿ ಹಾಲಿನ ಚಹಾಕ್ಕಿಂತ ಇದೇ ಹಿತ. ಅಲ್ಲಿಯ ಬ್ಯಾರಿ ಮನೆಗಳ ಮದುವೆಯಲ್ಲಿ ಬಿರಿಯಾನಿಯ ನಂತರ ಕೊಡುವ ಸುಲೇಮಾನಿ, ನಿಂಬೆಹುಳಿ ಬಿದ್ದು ಬಣ್ಣ ತಿಳಿಯಾದ ಸಣ್ಣ ಗ್ಲಾಸಿನ ಚಹಾ, ಊಟಕ್ಕೆ ಸರಿಯಾದ ಮುಕ್ತಾಯ.

ಅರ್ಧ ಕಪ್ಪಿನ ಊರಿನಿಂದ ಹೋದ ನನಗೆ ಅಚ್ಚರಿ ಕಾದಿದ್ದು ಮುಂಡಗೋಡದಲ್ಲಿ. ಹುಬ್ಬಳ್ಳಿಯಿಂದ ದೂರವಿಲ್ಲ. 1966ರಲ್ಲಿ ಅಲ್ಲಿ ಟಿಬೆಟಿನ ನಿರಾಶ್ರಿತರು ನೆಲೆಸಿದರು. ಡ್ರೆಪುಂಗ್, ಗಾಂದೆನ್ ಮಠಗಳು ಅಲ್ಲಿ ಮತ್ತೆ ಎದ್ದವು. ಒಂದು ಮನೆಯಲ್ಲಿ ಹಿರಿಯಾಕೆ ಬೆಣ್ಣೆಯ ಚಹಾ ಕೊಟ್ಟರು. ಇಟ್ಟಿಗೆಯಾಗಿ ಒತ್ತಿದ ಚಹಾವನ್ನು ಬಹಳ ಹೊತ್ತು ಕುದಿಸಿ, ಉಪ್ಪು ಬೆಣ್ಣೆ ಹಾಕಿ, ಉದ್ದನೆಯ ಮರದ ಕೊಳವೆಯಲ್ಲಿ ಕಡೆಯುವುದು ಅವರ ಕ್ರಮ. ಈಗ ಮಿಕ್ಸರಿನಲ್ಲೂ ಆಗುತ್ತದೆ. ಚಹಾ ಎಂದುಕೊಂಡು ಕುಡಿದರೆ ನಾಲಿಗೆ ಒಪ್ಪುವುದಿಲ್ಲ. ಬಿಸಿ ಸಾರಿನಂತೆ ಕುಡಿದರೆ ಇಷ್ಟವಾಗುತ್ತದೆ. ನಾನು ಎರಡು ಗುಟುಕು ಕುಡಿದು ಕೆಳಗಿಟ್ಟಾಗಲೆಲ್ಲ ಆಕೆ ಕಪ್ ತುಂಬಿಸಿದರು. ಅತಿಥಿಯ ಕಪ್ ಬರಿದಾಗಬಾರದು, ಹೊರಡುವಾಗ ಮಾತ್ರ ಪೂರ್ತಿ ಕುಡಿಯಬೇಕು ಎಂಬುದು ಅವರ ರೀತಿ. ನೆಲ ಬಿಟ್ಟು ಬಂದವರು, ಕಾಡು ಕಡಿದು ಜೋಳ ಬಿತ್ತಿದವರು, ಕಪ್ ತುಂಬಿಸುವ ರೀತಿಯನ್ನು ಬಿಟ್ಟುಕೊಟ್ಟಿಲ್ಲ. ನಮ್ಮಲ್ಲಿ ಅರ್ಧ, ಅವರಲ್ಲಿ ತುಂಬುತ್ತಲೇ ಇರುವುದು. ಎರಡರಲ್ಲೂ ಎದುರಿಗೆ ಕುಳಿತವರ ಮೇಲೆ ಒಂದು ಗಮನವಿದೆ.

ಆ ಗಮನ ಹೆಚ್ಚು ಕಾಣುವುದು ಸಾವಿನ ಮನೆಯಲ್ಲಿ. ಅಂಥ ದಿನ ಆ ಮನೆಯ ಒಲೆ ಉರಿಯುವುದಿಲ್ಲ. ಯಾರೂ ಹೇಳದೆ ನೆರೆಮನೆಯ ವೈನಿ ದೊಡ್ಡ ಕೆಟಲಿಯಲ್ಲಿ ಚಹಾ ತರುತ್ತಾಳೆ. ಅತ್ತು ಅತ್ತು ಗಂಟಲು ಒಣಗಿದವರ ಕೈಗೆ ಕಪ್ ಹಿಡಿಸಿ, “ಒಂದೀಟ ಗಂಟಲಿಗೆ ಬಿಟ್ಕೋರಿ” ಎಂದು ನಿಂತು ಕುಡಿಸುತ್ತಾಳೆ. ನನ್ನ ಅಪ್ಪ ಹೋದ ದಿನ ಆ ಅರ್ಧ ಕಪ್ ನನ್ನನ್ನು ಎಬ್ಬಿಸಿ ಕೂಡಿಸಿತು.

ಇಷ್ಟು ಪ್ರೀತಿಸುವ ಚಹಾದ ಬಗ್ಗೆ ನನಗೊಂದು ಸಂಕಟವೂ ಇದೆ. ಬೆಳಗಿನ ಪ್ರಾರ್ಥನೆಯಲ್ಲಿ ತಲೆಸುತ್ತಿ ಬೀಳುತ್ತಿದ್ದ ಹುಡುಗಿಯರನ್ನು ಕೂಡಿಸಿ “ಏನ ತಿಂದು ಬಂದೀ?” ಎಂದು ಕೇಳಿದರೆ “ಚಾ ಕುಡದ ಬಂದೀನ್ರಿ ಬಾಯಾರ” ಎನ್ನುತ್ತಿದ್ದರು. ನಸುಕಿನಲ್ಲೇ ಹೊಲಕ್ಕೆ, ಗೌಂಡಿ ಕೆಲಸಕ್ಕೆ ಹೋಗುವ ತಾಯಿ ರೊಟ್ಟಿ ಬಡಿಯುವ ಮೊದಲು ಕೊಟ್ಟದ್ದು ಅಷ್ಟೇ. ಸಿಹಿ ಬಿಸಿ ನೀರು ಹಸಿವೆಯನ್ನು ಸ್ವಲ್ಪ ಹೊತ್ತು ಮರೆಸುತ್ತದೆ, ಹೊಟ್ಟೆ ತುಂಬಿಸುವುದಿಲ್ಲ. ಊಟದ ಜೊತೆ ಕುಡಿದ ಚಹಾ ಅನ್ನದಲ್ಲಿ, ಪಲ್ಯದಲ್ಲಿ ಇರುವ ಕಬ್ಬಿಣದ ಅಂಶ ಮೈಗೆ ಹತ್ತದಂತೆ ಮಾಡುತ್ತದೆ. ರಕ್ತ ಕಡಿಮೆ ಇರುವ ನಮ್ಮ ಹುಡುಗಿಯರಿಗೆ ಇದು ಸಣ್ಣ ಮಾತಲ್ಲ. ಮಧ್ಯಾಹ್ನದ ಬಿಸಿಯೂಟ ಬಂದ ಮೇಲೆ, 2013ರ ಆಗಸ್ಟಿನಲ್ಲಿ ಕ್ಷೀರಭಾಗ್ಯ ಶುರುವಾಗಿ ಬೆಳಿಗ್ಗೆ ಒಂದು ಲೋಟ ಹಾಲು ಸಿಗತೊಡಗಿದ ಮೇಲೆ, ಪ್ರಾರ್ಥನೆಯಲ್ಲಿ ಬೀಳುವವರು ಕಡಿಮೆಯಾದದ್ದನ್ನು ನಾನು ಕಣ್ಣಾರೆ ಕಂಡೆ. ಮಕ್ಕಳಿಗೆ ಚಹಾ ಬೇಡ. ದೊಡ್ಡವರೂ ಊಟವಾಗಿ ಒಂದು ತಾಸು ಬಿಟ್ಟು ಕುಡಿಯಲಿ.

ಚಹಾದಂಗಡಿ ನಮ್ಮ ಕಾಲದಲ್ಲಿ ಗಂಡಸರದಾಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ಎಷ್ಟು ತಲೆನೋವಿದ್ದರೂ ಹೆಂಗಸರು ಗಾಡಿಯ ಹತ್ತಿರ ನಿಂತು ಚಹಾ ಕುಡಿಯುತ್ತಿರಲಿಲ್ಲ. ಯಾರಾದರೂ ತಂದುಕೊಟ್ಟರೆ ಸೆರಗಿನ ಮರೆಯಲ್ಲಿ ಕುಡಿಯಬೇಕು. ಈಗ ವಿಶ್ವವಿದ್ಯಾಲಯದ ಗೇಟಿನ ಬಳಿ ಹುಡುಗಿಯರು ಗುಂಪಾಗಿ ನಿಂತು, ದೊಡ್ಡದಾಗಿ ನಕ್ಕು, ಎರಡರಲ್ಲಿ ಮೂರು ಮಾಡಿಸಿಕೊಂಡು ಕುಡಿಯುವುದನ್ನು ನೋಡಿದರೆ ಮನಸ್ಸು ತುಂಬಿ ಬರುತ್ತದೆ. ನಾನೂ ಈಗ ನಿಂತು ಕುಡಿಯುತ್ತೇನೆ. ಗಾಡಿಯ ಚಹಾಕ್ಕೆ ಮನೆಯಲ್ಲಿ ಬಾರದ ಒಂದು ಗುಣವಿದೆ. ದಿನವಿಡೀ ಉರಿಯುವ ಒಲೆ, ಅರಿವೆಯಲ್ಲಿ ಸೋಸುವ ಕೈಚಳಕ, ಎತ್ತರದಿಂದ ಸುರಿದು ನೊರೆ ಎಬ್ಬಿಸುವುದು, ಇವುಗಳಿಂದ ಬರುವ ಗುಣ.

ಆದರೆ ಗಾಡಿಗಳಲ್ಲಿ ಗಾಜಿನ ಗ್ಲಾಸು ಹೋಗಿ ಪೇಪರ್ ಕಪ್ ಬಂದಿದೆ. ಪೇಪರ್ ಎಂಬುದು ಹೆಸರಿಗೆ. ಒಳಗೆ ಪ್ಲಾಸ್ಟಿಕ್ಕಿನ ತೆಳು ಪದರವಿದೆ. 2020ರಲ್ಲಿ ಖರಗಪುರದ ಐಐಟಿಯವರು ನಡೆಸಿದ ಅಧ್ಯಯನದಲ್ಲಿ, 100 ಮಿಲಿಲೀಟರ್ ಬಿಸಿ ನೀರನ್ನು ಅಂಥ ಕಪ್ಪಿನಲ್ಲಿ 15 ನಿಮಿಷ ಇಟ್ಟಾಗ ಸುಮಾರು 25,000 ಪ್ಲಾಸ್ಟಿಕ್ ಕಣಗಳು ಸಿಕ್ಕವು. ನಾನು ಚೀಲದಲ್ಲಿ ಸ್ಟೀಲಿನ ಸಣ್ಣ ಲೋಟ ಇಟ್ಟುಕೊಂಡಿರುತ್ತೇನೆ. ಗಾಡಿಯವರು ಖುಷಿಯಿಂದಲೇ ಅದಕ್ಕೆ ಸುರಿಯುತ್ತಾರೆ.

ಪೇಪರ್ ಕಪ್ಪಿನ ಬಗ್ಗೆ ನನ್ನ ಸಿಟ್ಟಿಗೆ ಇನ್ನೊಂದು ಕಾರಣವಿದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಳ್ಳಿಯ ಚಹಾದಂಗಡಿಗಳ ಮುಂದೆ ಗೂಟಕ್ಕೆ ಬೇರೆ ಕಪ್ಪುಗಳನ್ನು ತೂಗುಹಾಕಿರುತ್ತಿದ್ದರು. ದಲಿತರು ಅದರಲ್ಲೇ ಕುಡಿದು, ತಾವೇ ತೊಳೆದು ಇಡಬೇಕು. ಚಹಾ ಮೇಲಿನಿಂದ ಸುರಿಯುವುದು. ಸಂವಿಧಾನ ಅಸ್ಪೃಶ್ಯತೆಯನ್ನು ತೆಗೆದುಹಾಕಿ, 1955ರಲ್ಲಿ ಒಂದು ಕಾಯ್ದೆ, 1989ರಲ್ಲಿ ಇನ್ನೂ ಬಿಗಿಯಾದ ಕಾಯ್ದೆ ಬಂದ ಮೇಲೆ ಗೂಟದ ಕಪ್ ಬಹಳ ಕಡೆ ಹೋಯಿತು. ಕೆಲವು ಕಡೆ ಅದರ ಜಾಗಕ್ಕೆ ಎಸೆಯುವ ಕಪ್ ಬಂತು: ಕೆಲವರಿಗೆ ಗಾಜಿನ ಗ್ಲಾಸು, ಕೆಲವರಿಗೆ ಎಸೆಯುವ ಕಪ್. ಕೇಳಿದರೆ ಸ್ವಚ್ಛತೆಯ ಮಾತು ಹೇಳುತ್ತಾರೆ. ಎರಡು ಕಪ್ಪಿನಲ್ಲಿ ಮೂರು ಮಾಡಿ ಹಂಚಿಕೊಳ್ಳುವ ನಮ್ಮ ನಾಡಿನಲ್ಲೇ ಇದೂ ನಡೆದಿದೆ. ಇದನ್ನು ಬಿಟ್ಟು ಬರೀ ರುಚಿಯ ಮಾತಾಡಿ ಏಳುವುದು ನನ್ನಿಂದಾಗದು.

ಊರಿನ ಮನೆಗಳೂ ಇದಕ್ಕೆ ಹೊರತಲ್ಲ. ಓದಿದವರ, ದೊಡ್ಡ ನೌಕರಿಯವರ ಮನೆಗಳಲ್ಲೂ ಭಾಂಡೆ ತಿಕ್ಕಲು ಬರುವವಳ ಕಪ್ ಹಿತ್ತಲ ಕಿಟಕಿಯ ಮೇಲೆ ಬೇರೆ ಇರುತ್ತದೆ, ಸಾಮಾನ್ಯವಾಗಿ ಕಿವಿ ಮುರಿದದ್ದು. ಆಕೆ ಅದನ್ನು ತೆಗೆದುಕೊಂಡು ಮೆಟ್ಟಿಲ ಮೇಲೆ ಕೂತು ಕುಡಿಯುತ್ತಾಳೆ. ಮನೆಯವರ ಕಪ್ಪುಗಳನ್ನೆಲ್ಲ ಅದೇ ಕೈಯಿಂದ ತಿಕ್ಕಿ ತೊಳೆದಿಟ್ಟವಳು ಅವಳೇ. ನಮ್ಮ ಅವ್ವ ತನ್ನ ಕೊನೆಯ ವರ್ಷಗಳಲ್ಲಿ ಆ ಕಪ್ಪನ್ನು ತಾನೇ ತೆಗೆದು ಬಿಸಾಡಿ, “ನನ್ನ ಜೋಡಿ ಒಳಗ ಕೂತ ಕುಡಿ” ಎಂದು ನಮ್ಮ ಕೆಲಸದಾಕೆಯನ್ನು ಅಡುಗೆಮನೆಯಲ್ಲಿ ಕೂಡಿಸಿಕೊಂಡಳು. ಯಾವ ಪುಸ್ತಕ ಓದಿಯೂ ಅಲ್ಲ. ಇಬ್ಬರೂ ದಿನವೂ ಒಂದೇ ಹೊತ್ತಿಗೆ ಬೇರೆಬೇರೆ ಕೂತು ಚಹಾ ಕುಡಿಯುವುದು ಅವಳಿಗೆ ಸಾಕಾಗಿತ್ತು.

ನಿಮ್ಮ ಮನೆಯ ಕಿಟಕಿಯ ಮೇಲೋ ಹಿತ್ತಲ ಕಟ್ಟೆಯ ಮೇಲೋ ಅಂಥದೊಂದು ಕಪ್ ಇದ್ದರೆ ಇವತ್ತೇ ತೆಗೆದುಬಿಡಿ. ನಾಳೆ ಕೆಲಸಕ್ಕೆ ಬಂದವರಿಗೆ ನೀವು ಕುಡಿಯುವ ಸೆಟ್ಟಿನ ಕಪ್ಪಿನಲ್ಲೇ, ಬಸಿಯ ಮೇಲಿಟ್ಟು, ಕುರ್ಚಿ ಹಾಕಿ ಕೂಡಿಸಿ ಚಹಾ ಕೊಡಿ. ಅರ್ಧ ಕಪ್ಪೇ ಆಗಲಿ.